ಗೌಟ್ ಇದ್ದರೆ ಬೇಳೆಸಾರು ಬಿಡಬೇಕಾ?

ಚೆನ್ನೈಗೆ ಕೆಲಸಕ್ಕೆ ಬಂದ ನಮ್ಮವರಲ್ಲಿ ಯಾರಿಗಾದ್ರೂ ಗೌಟ್ ಇದೆ ಅಂತ ಗೊತ್ತಾದ್ರೆ ಸಾಕು, ಊರಿಂದ ಫೋನ್ ಬರುತ್ತೆ: "ತೊಗರಿಬೇಳೆ ಬಿಡು ಮಗಾ, ಪಾಲಕ್ ಮುಟ್ಟಬೇಡ." ಪಾಪ, ಬೇಳೆನೂ ಬಿಡ್ತಾರೆ, ಸೊಪ್ಪೂ ಬಿಡ್ತಾರೆ. ಶನಿವಾರದ ಬಿಯರು, ಆಫೀಸಿನ ಕೂಲ್‌ಡ್ರಿಂಕ್ಸು ಮಾತ್ರ ಹಾಗೇ ಇರುತ್ತೆ. ಕಾಲಿನ ಹೆಬ್ಬೆರಳು ಮತ್ತೆ ಊದಿಕೊಳ್ಳುತ್ತೆ.

ರಕ್ತದಲ್ಲಿ ಯೂರಿಕ್ ಆಮ್ಲ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ, ಅದು ಸೂಜಿಯಂಥ ಹರಳಾಗಿ ಕೀಲುಗಳಲ್ಲಿ ಕೂರಬಹುದು. ಈ ಆಮ್ಲ ಹುಟ್ಟೋದು ಪ್ಯೂರಿನ್ ಅನ್ನೋ ಪದಾರ್ಥದಿಂದ. ಅದರಲ್ಲಿ ಮೂರರಲ್ಲಿ ಎರಡು ಪಾಲು ನಮ್ಮ ದೇಹದಲ್ಲೇ ತಯಾರಾಗುತ್ತೆ. ತಟ್ಟೆಯಿಂದ ಬರೋದು ಉಳಿದ ಒಂದು ಪಾಲು. ಹೊರಗೆ ಹಾಕೋ ಕೆಲಸ ಹೆಚ್ಚಾಗಿ ಕಿಡ್ನಿಯದು.

ಆ ಒಂದು ಪಾಲಿನಲ್ಲೂ ಎಲ್ಲ ಆಹಾರ ಒಂದೇ ಅಲ್ಲ. ಅಮೆರಿಕದಲ್ಲಿ 47,150 ಗಂಡಸರನ್ನು 12 ವರ್ಷ ಗಮನಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯ್ತು. ಮಾಂಸ, ಮೀನು ಜಾಸ್ತಿ ತಿಂದವರಲ್ಲಿ ಗೌಟ್ ಹೆಚ್ಚಿತ್ತು. ಪ್ಯೂರಿನ್ ಇರೋ ತರಕಾರಿ, ಕಾಳುಗಳಿಂದ ಹೆಚ್ಚಲಿಲ್ಲ. ಕೊಬ್ಬು ಕಡಿಮೆಯಿರೋ ಹಾಲು, ಮೊಸರು ತಗೊಂಡವರಲ್ಲಿ ಕಡಿಮೆಯೇ ಇತ್ತು. ಅಂದ್ರೆ ಬೇಳೆಸಾರು, ಸೊಪ್ಪಿನ ಪಲ್ಯ, ಮುದ್ದೆ, ಮಜ್ಜಿಗೆ ಆರಾಮಾಗಿ ಮುಂದುವರಿಸಬಹುದು.

ಈಗ ನಾವಿರೋ ತಿರುವೊಟ್ಟಿಯೂರಿಗೆ ಬನ್ನಿ. ಇದು ಮೀನುಗಾರರ ಕುಪ್ಪಗಳಿರೋ ಕಡಲತೀರ, ಕಾಸಿಮೇಡು ಬಂದರೂ ಹತ್ತಿರ. ನೆತ್ತಿಲಿ, ಮತ್ತಿ ತಾಜಾ ಸಿಗುತ್ತೆ. ಮತ್ತಿ ಅಂದ್ರೆ ನಮ್ಮ ಮಂಗಳೂರಿನ ಬೂತಾಯಿ. ಇವೆರಡರಲ್ಲೂ ಪ್ಯೂರಿನ್ ತುಂಬಾ ಇದೆ. ಲಿವರು, ಬೋಟಿ ಕೂಡ ಅದೇ ಗುಂಪು. ಕೈ ಹಿಡಿಯಬೇಕಾದ್ದು ಇಲ್ಲಿ.

ಇನ್ನೊಂದು, ಸಿಹಿ ಪಾನೀಯ. ಸಂತ ಪಟ್ಟಿನತ್ತಾರ್ ಸಮಾಧಿ ಇದೇ ಊರಲ್ಲಿದೆ. ಅವರ ಕೈಲಿದ್ದ ಕಹಿ ಕಬ್ಬು ಇಲ್ಲಿಗೆ ಬಂದಾಗ ಸಿಹಿಯಾಯ್ತು ಅಂತ ಕಥೆ. ಆದ್ರೆ ಗೌಟ್ ಇರೋರಿಗೆ ಬೇಸಿಗೆಯ ಕಬ್ಬಿನ ಹಾಲು ಒಳ್ಳೇದಲ್ಲ. ಸಕ್ಕರೆಯಲ್ಲಿರೋ ಫ್ರಕ್ಟೋಸನ್ನು ಲಿವರ್ ಒಡೆಯುವಾಗಲೂ ಯೂರಿಕ್ ಆಮ್ಲ ಹುಟ್ಟುತ್ತೆ. ಬಿಯರಿನಲ್ಲಿ ಪ್ಯೂರಿನ್ ಇದೆ, ಜೊತೆಗೆ ಆಲ್ಕೋಹಾಲು ಆಮ್ಲ ಹೊರಹೋಗೋದನ್ನೂ ತಡೆಯುತ್ತೆ. ಇಲ್ಲಿಯ ಸೆಕೆಗೆ ಬೆವರಿ ಮೈಯಲ್ಲಿ ನೀರು ಕಮ್ಮಿಯಾದ್ರೂ ನೋವು ಕೆರಳಬಹುದು. ಆದ್ದರಿಂದ ನೀರಿನ ಬಾಟಲಿ ಜೊತೆಗಿರಲಿ. ಕಿಡ್ನಿ ಅಥವಾ ಹೃದಯದ ತೊಂದರೆ ಇರೋರು ಎಷ್ಟು ಕುಡೀಬೇಕು ಅಂತ ಡಾಕ್ಟರನ್ನೇ ಕೇಳಿ. ಬೇಗ ತೂಕ ಇಳಿಸೋಕೆ ಉಪವಾಸ ಕೂರಬೇಡಿ, ಅದೂ ನೋವು ತರುತ್ತೆ.

ಕೊನೆಗೆ ಮುಖ್ಯ ಮಾತು. ಎಷ್ಟೇ ಪಥ್ಯ ಮಾಡಿದ್ರೂ ಸಾಮಾನ್ಯವಾಗಿ ಇಳಿಯೋದು ಒಂದು ಮಿಲಿಗ್ರಾಂ ಆಸುಪಾಸು. ಒಂಬತ್ತು ಇದ್ದೋರು ಎಂಟಕ್ಕೆ ಬರ್ತಾರೆ, ಬೇಕಿರೋದು ಆರಕ್ಕಿಂತ ಕೆಳಗೆ. ಹಾಗಾಗಿ ಡಾಕ್ಟರು ಅಲೋಪ್ಯೂರಿನಾಲ್‌ನಂಥ ಮಾತ್ರೆ ಬರೆದರೆ "ನನ್ನ ಬಾಯಿಚಪಲಕ್ಕೆ ಶಿಕ್ಷೆ" ಅಂದ್ಕೋಬೇಡಿ. ನೋವು ಹೋಯ್ತು ಅಂತ ನಿಲ್ಲಿಸಲೂಬೇಡಿ. ನೋವಿಲ್ಲದ ತಿಂಗಳುಗಳಲ್ಲೂ ಹರಳು ಕೀಲನ್ನು ಸವೆಸ್ತಾ ಇರಬಹುದು. ಮೆಡಿಕಲ್ ಶಾಪಿನಿಂದ ನೀವೇ ಪೇನ್‌ಕಿಲ್ಲರ್ ತಂದು ನುಂಗ್ತಾ ಹೋದ್ರೆ ಕಿಡ್ನಿಗೇ ಪೆಟ್ಟು.

ಮುಂದಿನ ರಕ್ತಪರೀಕ್ಷೆ ಯಾವಾಗ ಅಂತ ಇವತ್ತೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ರಾತ್ರಿ ಬಿಸಿ ಅನ್ನಕ್ಕೆ ಬೇಳೆಸಾರು ಹಾಕ್ಕೊಂಡು ನೆಮ್ಮದಿಯಾಗಿ ಊಟ ಮಾಡಿ.