ಕಾರ್ಟೂನ್ ನೋಡುವಾಗ ಪಕ್ಕದಲ್ಲಿ ಯಾರಿದ್ದಾರೆ?



‘ಫುಕ್ರೆ’ ಸಿನಿಮಾ ನಿಮ್ಮಲ್ಲಿ ಹಲವರು ನೋಡಿರಬಹುದು. 2013ರದು. ಚೂಚಾ ಕಂಡ ಕನಸಿನಿಂದ ಹನ್ನಿ ಲಾಟರಿ ನಂಬರ್ ತೆಗೆಯುವ, ದಿಲ್ಲಿ ಹುಡುಗರ ಕತೆ. 2019ರಲ್ಲಿ ಅದನ್ನೇ ‘ಫುಕ್ರೆ ಬಾಯ್ಸ್’ ಎಂಬ ಕಾರ್ಟೂನ್ ಮಾಡಿ ಡಿಸ್ಕವರಿ ಕಿಡ್ಸ್‌ನಲ್ಲಿ ತೋರಿಸಿದರು. ಹುಡುಗರು ಶಾಲೆಯ ಪುಟಾಣಿಗಳಾದರು.

ಡೊಂಬಿವಲಿಯ ನಮ್ಮ ಮನೆಯಲ್ಲಿ ಅದರ ಬಗ್ಗೆ ಮೂರು ಅಭಿಪ್ರಾಯ. ಒಂದನೇ ಕ್ಲಾಸಿನಲ್ಲಿದ್ದ ಮಗನಿಗೆ ಚೂಚಾ ಅಂದರೆ ಪ್ರಾಣ. ನಮ್ಮ ಅತ್ತೆಯವರು, “ಬರೀ ಗದ್ದಲ, ಓದೋದೊಂದು ಬಿಟ್ಟು ಎಲ್ಲಾ ಮಾಡ್ತಾವೆ” ಎನ್ನುತ್ತಿದ್ದರು. ನನ್ನ ತಕರಾರು ಬೇರೆ. ದೊಡ್ಡವರ ಸಿನಿಮಾದ ಹೆಸರು ಮಕ್ಕಳಿಗೆ ಯಾಕೆ? ನಾಳೆ ಆ ಸಿನಿಮಾನೇ ಬೇಕೆಂದರೆ ಏನು ಹೇಳಲಿ?

ಒಂದು ದಿನ ಟಿವಿ ಬಂದ್ ಮಾಡಿದೆ. ಮಗ ಅತ್ತ. “ಅಮ್ಮಾ, ಚೂಚಾ ಪೆದ್ದುಪೆದ್ದಾಗಿ ಮಾತಾಡಿದ್ರೂ ಅವನ ಫ್ರೆಂಡ್ಸ್ ಅವನನ್ನ ಬಿಡಲ್ಲ” ಎಂದ. ಶಾಲೆಯಲ್ಲಿ ಇವನ ಹಿಂದಿ ಕೇಳಿ ಮಕ್ಕಳು ನಗುತ್ತಿದ್ದರೆಂದು ನನಗೆ ಗೊತ್ತಾದದ್ದೇ ಆವತ್ತು. ಲೋಕಲ್ ಹಿಡಿಯುವ ಅವಸರದಲ್ಲಿ ನಾನು ಕೇಳಿಯೇ ಇರಲಿಲ್ಲ.

ಮರುದಿನದಿಂದ ಅತ್ತೆಯವರು ಅವನ ಪಕ್ಕ ಕೂತರು. ಒಂದೇ ಷರತ್ತು: ಹಿಂದಿ ಜೋಕನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಬೇಕು. ಮೊದಲು ತಡವರಿಸಿದ. ಆಮೇಲೆ ಜೋಕಿನ ಜೊತೆ ಶಾಲೆಯ ಸಂಗತಿಯೂ ಕನ್ನಡದಲ್ಲೇ ಬರತೊಡಗಿತು.

ಗೆಳತಿಯರೇ, ಕಾರ್ಟೂನ್ ಒಳ್ಳೆಯದೋ ಕೆಟ್ಟದೋ ಎಂದು ತೀರ್ಮಾನಿಸುವ ಮೊದಲು ಮಗುವಿನ ಪಕ್ಕ ಹತ್ತು ನಿಮಿಷ ಕೂತು, ಅದು ಯಾಕೆ ಇಷ್ಟ ಎಂದು ಕೇಳಿ.