ದೂರದ ಲೋಕದ ಗಾಳಿ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಪರಸ್ಥಳದಲ್ಲಿ ನೆಲೆಸಿದ ನಮಗೆಲ್ಲ ಒಂದು ಅನುಭವವುಂಟು. ಅಪರಿಚಿತ ಕಟ್ಟಡದ ಮೆಟ್ಟಿಲೇರುವಾಗ, ಮುಚ್ಚಿದ ಬಾಗಿಲಿನಾಚೆಯಿಂದ ಹುಳಿಯ ಒಗ್ಗರಣೆಯ ವಾಸನೆ ಬಂದರೆ, “ಇಲ್ಲಿ ನಮ್ಮವರಿದ್ದಾರೆ” ಎಂದು ಮನಸ್ಸು ಹಿಗ್ಗುತ್ತದೆ. ಹೀಗೆ ಗಾಳಿಯಿಂದಲೇ ಒಳಗಿನವರನ್ನು ಊಹಿಸುವ ವಿದ್ಯೆಯನ್ನು ನಕ್ಷತ್ರಲೋಕದಲ್ಲಿ ಸಾಧಿಸಿದ ವಿದುಷಿಯೊಬ್ಬರ ವಿಷಯವನ್ನು ಇಂದು ತಮ್ಮಲ್ಲಿ ಅರಿಕೆಮಾಡುತ್ತೇನೆ.

ಅವರೇ ಸಾರಾ ಸೀಗರ್. ಜನನ 1971, ಕೆನಡಾದ ಟೊರೊಂಟೊ ನಗರ. ಸೂರ್ಯನಂಥ ಇನ್ನೊಂದು ನಕ್ಷತ್ರವನ್ನು ಸುತ್ತುವ ಗ್ರಹವು ಮೊದಲು ಪತ್ತೆಯಾದುದು 1995ರಲ್ಲಿ. ಅಂಥ ಗ್ರಹಗಳು ನಿಜವಾಗಿ ಇವೆಯೇ ಎಂದು ಪಂಡಿತರೇ ಸಂಶಯಪಡುತ್ತಿದ್ದ ಕಾಲದಲ್ಲಿ, ಹಾರ್ವರ್ಡ್ ವಿಶ್ವವಿದ್ಯಾನಿಲಯದ ಈ ವಿದ್ಯಾರ್ಥಿನಿ ಅವುಗಳ ವಾಯುಮಂಡಲವನ್ನೇ ಸಂಶೋಧನೆಗೆ ಆರಿಸಿಕೊಂಡರು.

ಗ್ರಹವು ತನ್ನ ನಕ್ಷತ್ರದ ಮುಂದೆ ಹಾಯುವಾಗ, ನಕ್ಷತ್ರದ ಬೆಳಕಿನ ಅಲ್ಪಾಂಶವು ಗ್ರಹದ ಗಾಳಿಯಲ್ಲಿ ಸೋಸಿ ಬರುತ್ತದೆ. ಒಂದೊಂದು ಅನಿಲವೂ ತನ್ನದೇ ಆದ ಬಣ್ಣಗಳನ್ನು ಹೀರಿಕೊಳ್ಳುತ್ತದೆ. ಅಲ್ಲಿ ಸೋಡಿಯಂ ಗುರುತು ಕಾಣಬೇಕೆಂದು ಸೀಗರರೂ ಅವರ ಗುರು ಸಾಸೆಲೊವರೂ 2000ರಲ್ಲಿ ಲೆಕ್ಕಹಾಕಿ ಹೇಳಿದರು. ಮರುವರ್ಷವೇ, ಸುಮಾರು 150 ಜ್ಯೋತಿರ್ವರ್ಷ ದೂರದ ಗ್ರಹವೊಂದರಲ್ಲಿ ಬೇರೆ ವಿಜ್ಞಾನಿಗಳು ಹಬಲ್ ದೂರದರ್ಶಕದಿಂದ ಅದನ್ನು ಕಂಡರು!

2011ರಲ್ಲಿ ಅವರ ಪತಿ ತೀರಿಕೊಂಡರು. ಇಬ್ಬರು ಎಳೆಯ ಮಕ್ಕಳನ್ನು ಸಲಹುತ್ತಲೇ ಅವರು ಹುಡುಕಾಟವನ್ನು ಮುಂದುವರಿಸಿದರು. ಜೀವಿಗಳಿರುವ ಲೋಕದ ಗಾಳಿ ಹೇಗಿದ್ದೀತು? ನಮ್ಮ ಗಾಳಿಯಲ್ಲಿ ಶೇಕಡಾ 21 ಭಾಗ ಆಮ್ಲಜನಕ. ಸಸ್ಯಗಳೂ ಸೂಕ್ಷ್ಮಜೀವಿಗಳೂ ಅದನ್ನು ಸದಾ ತುಂಬುತ್ತಿರದಿದ್ದರೆ, ಅದು ಕಲ್ಲು ಮಣ್ಣು ಅನಿಲಗಳೊಡನೆ ಕೂಡಿ ಕ್ರಮೇಣ ಕ್ಷಯಿಸುತ್ತಿತ್ತು. ಆದರೆ ಬಿಸಿಲಿನ ಹೊಡೆತಕ್ಕೆ ನೀರಾವಿ ಒಡೆದೂ ಆಮ್ಲಜನಕ ಹುಟ್ಟಬಲ್ಲದು. ಆದುದರಿಂದ ಒಂದೇ ಗುರುತನ್ನು ನಂಬುವಂತಿಲ್ಲ.

ಅವರ ಶಿಷ್ಯರಾದ ಭಾರತೀಯ ವಿಜ್ಞಾನಿ ನಿಕ್ಕು ಮಧುಸೂದನ್ ಮತ್ತು ಸಂಗಡಿಗರು, 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದಲ್ಲಿ ಮೀಥೇನ್ ಮತ್ತು ಇಂಗಾಲದ ಡೈ ಆಕ್ಸೈಡ್ ಇರುವುದನ್ನು 2023ರಲ್ಲಿ ತಿಳಿಸಿದರು. ಭೂಮಿಯಲ್ಲಿ ಮುಖ್ಯವಾಗಿ ಕಡಲಜೀವಿಗಳಿಂದ ಬರುವ ಅನಿಲವೊಂದರ ಸುಳಿವೂ ಅಲ್ಲಿದೆಯೆಂದು 2025ರಲ್ಲಿ ಹೇಳಿದರು. ಅದೇ ದತ್ತಾಂಶವನ್ನು ಮರುಪರೀಕ್ಷಿಸಿದ ಇತರರು ಸಾಕ್ಷ್ಯ ಸಾಲದೆಂದರು. ಇದು ಜಗಳವಲ್ಲ, ಇದೇ ವಿಜ್ಞಾನದ ಶಿಸ್ತು.

ಒಗ್ಗರಣೆಯ ವಾಸನೆಯನ್ನು ನಂಬಿ ನಾನೊಮ್ಮೆ ಬಾಗಿಲು ತಟ್ಟಿದಾಗ, ತಮಿಳು ತಾಯಿಯೊಬ್ಬರು ನಗುತ್ತ ಹೊರಬಂದರು! ನನ್ನ ತಪ್ಪು ಕ್ಷಣದಲ್ಲಿ ತಿಳಿಯಿತು. ಆ ಲೋಕಗಳ ಬಾಗಿಲನ್ನು ತಟ್ಟುವಷ್ಟು ನಮ್ಮ ಕೈ ಉದ್ದವಿಲ್ಲ. ಆದುದರಿಂದ ಆಸೆಯನ್ನು ಬಿಡದೆ, ಆಸೆಯನ್ನೇ ಸಾಕ್ಷ್ಯವೆಂದು ಭ್ರಮಿಸದೆ ಕಾಯಬೇಕು. ಈ ಸಭೆಯಲ್ಲಿ ಕುಳಿತ ಮಕ್ಕಳು ಕಲಿಯಬೇಕಾದ ಪಾಠವೂ ಇದೇ.