ಮುಗಿಯುವ ತಾರೀಖು ಯಾರ ಆಸ್ತಿ?



ಚೆನ್ನೈನಲ್ಲಿರೋ ಕನ್ನಡಿಗರಿಗೆ ಐಪಿಎಲ್ ಬಂತು ಅಂದ್ರೆ ಒಂದು ಪೇಚು. ಮನಸ್ಸು ಆರ್‌ಸಿಬಿ ಕಡೆ, ಮನೆ ಚೆಪಾಕ್ ಕಡೆ. ಆದರೆ 2025ರ ನವೆಂಬರ್ 15ರ ಶನಿವಾರ ನಾನು ನಮ್ಮ ಬೀದಿಯವರ ಬೇಜಾರಿನಲ್ಲಿ ಪೂರ್ತಿ ಪಾಲುದಾರ ಆಗಿದ್ದೆ. ಅವತ್ತು ಚೆನ್ನೈ ಸೂಪರ್ ಕಿಂಗ್ಸ್ ರವೀಂದ್ರ ಜಡೇಜಾ ಅವರನ್ನ ರಾಜಸ್ಥಾನ ರಾಯಲ್ಸ್‌ಗೆ ಕೊಟ್ಟು ಸಂಜು ಸ್ಯಾಮ್ಸನ್ ಅವರನ್ನ ತಗೊಂಡಿತು. ಜೊತೆಗೆ ಸ್ಯಾಮ್ ಕರನ್ ಕೂಡ ಹೋದರು. 2023ರ ಫೈನಲ್‌ನಲ್ಲಿ ಕೊನೇ ಎರಡು ಬಾಲ್‌ಗೆ ಒಂದು ಸಿಕ್ಸರ್, ಒಂದು ಫೋರ್ ಹೊಡೆದು ಕಪ್ ತಂದುಕೊಟ್ಟ ಜಡೇಜಾ! ಟೀ ಅಂಗಡಿಯ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಹನ್ನೆರಡು ಸೀಸನ್ ಆಡಿದವರನ್ನ ಹಿಂಗೆ ಕೊಟ್ಟುಬಿಡ್ತಾರಾ ಸಾರ್?"

ಕೊಡ್ತಾರೆ. ಹೇಗೆ ಕೊಡ್ತಾರೆ, ಆ ಕೊಡು-ಕೊಳ್ಳುವಿಕೆಯಲ್ಲಿ ನಿಜವಾಗಿ ಕೈ ಬದಲಾಗೋದು ಏನು ಅನ್ನೋದೇ ಇವತ್ತಿನ ವಿಷಯ. ಅದಕ್ಕೆ ಸ್ವಲ್ಪ ಹೊತ್ತು ಕ್ರಿಕೆಟ್ ಬಿಟ್ಟು ಅಮೆರಿಕದ ಬ್ಯಾಸ್ಕೆಟ್‌ಬಾಲ್‌ಗೆ, ಅಂದರೆ ಎನ್‌ಬಿಎಗೆ ಹೋಗೋಣ. ಈ ವ್ಯವಹಾರವನ್ನ ಒಂದು ಕಲೆ ಅನ್ನೋ ಮಟ್ಟಕ್ಕೆ ಬೆಳೆಸಿದವರು ಅವರೇ.

ಎನ್‌ಬಿಎನಲ್ಲಿ ತಂಡವೊಂದು ಸಂಬಳಕ್ಕೆ ಇಷ್ಟೇ ಖರ್ಚು ಮಾಡಬಹುದು ಅನ್ನೋ ಮಿತಿ ಇದೆ, ಸ್ಯಾಲರಿ ಕ್ಯಾಪ್. ಆದರೆ ಅದು ಗಟ್ಟಿ ಗೋಡೆ ಅಲ್ಲ. ತನ್ನದೇ ಆಟಗಾರರನ್ನ ಉಳಿಸಿಕೊಳ್ಳೋಕೆ ತಂಡ ಆ ಮಿತಿ ದಾಟಬಹುದು. ಒಮ್ಮೆ ದಾಟಿತು ಅಂದ್ರೆ, ಹೊರಗಿನಿಂದ ದೊಡ್ಡ ಆಟಗಾರನನ್ನ ತರೋಕೆ ಮುಖ್ಯವಾಗಿ ಉಳಿಯೋ ದಾರಿ ಟ್ರೇಡ್. ಟ್ರೇಡ್‌ಗೂ ಒಂದು ಷರತ್ತು: ಕೊಡೋ ಸಂಬಳ, ತಗೊಳ್ಳೋ ಸಂಬಳ ಹೆಚ್ಚುಕಮ್ಮಿ ಸರಿತೂಗಬೇಕು. ನಮ್ಮ ಹಳೇ ತಕ್ಕಡಿ ಲೆಕ್ಕ. ಇನ್ನೊಂದು ವಿಷಯ, ಅಲ್ಲಿನ ಕಾಂಟ್ರಾಕ್ಟ್‌ಗಳು ಬಹುತೇಕ ಗ್ಯಾರಂಟಿ. ಆಟಗಾರ ಚೆನ್ನಾಗಿ ಆಡಲಿ ಬಿಡಲಿ, ಬರೆದುಕೊಟ್ಟ ಅಷ್ಟೂ ವರ್ಷ ಸಂಬಳ ಕೊಡಲೇಬೇಕು.

ಈಗ ಒಂದು ಮನೆ ಉದಾಹರಣೆ ತಗೊಳ್ಳಿ. ಎರಡು ಮನೆ ಮಾರಾಟಕ್ಕಿವೆ. ಒಂದರಲ್ಲಿ ಬಾಡಿಗೆಯವರು ಮುಂದಿನ ತಿಂಗಳು ಖಾಲಿ ಮಾಡ್ತಾರೆ. ಇನ್ನೊಂದರಲ್ಲಿ ಇನ್ನೂ ಐದು ವರ್ಷದ ಕರಾರಿದೆ, ಬಾಡಿಗೆಯವರಿಗೆ ಮನಸ್ಸಿಲ್ಲದೆ ಬಿಡಿಸೋ ಹಾಗಿಲ್ಲ. ಹೊಸದಾಗಿ ಸಂಸಾರ ಹೂಡಬೇಕು ಅನ್ನೋರಿಗೆ ಯಾವ ಮನೆ ಬೇಕು? ಮೊದಲನೇದು ತಾನೆ? ಅಲ್ಲಿರೋ ಬಾಡಿಗೆಯವರು ಒಳ್ಳೆಯವರಾ ಕೆಟ್ಟವರಾ ಅಂತ ಯಾರೂ ಕೇಳಲ್ಲ. ಅವರು ಹೋಗೋ ತಾರೀಖೇ ಆ ಮನೆಯ ಬೆಲೆ. ಈ ವರ್ಷ ಮುಗಿಯೋ ಕಾಂಟ್ರಾಕ್ಟ್ ಅಂದ್ರೆ ಅದೇ ಮನೆ. ತಂಡವನ್ನ ಕಳಚಿ ಮತ್ತೆ ಕಟ್ಟಬೇಕು ಅನ್ನೋರು, "ನಿಮ್ಮ ಉದ್ದದ ಕಾಂಟ್ರಾಕ್ಟ್‌ನ ಸ್ಟಾರ್ ನಮಗೆ ಕೊಡಿ, ನಮ್ಮ ಮುಗಿಯೋ ಕಾಂಟ್ರಾಕ್ಟ್ ನೀವು ತಗೊಳ್ಳಿ" ಅಂದ್ರೆ ಖುಷಿಯಿಂದ ಒಪ್ಪಿಕೊಳ್ತಾರೆ.

2008ರ ಫೆಬ್ರವರಿ 1ರಂದು ನಡೆದದ್ದು ಇದೇ. ಮೆಂಫಿಸ್ ತಂಡ ತನ್ನ ಸ್ಟಾರ್ ಪಾವ್ ಗಸೋಲ್ ಅವರನ್ನ ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟಿತು. ಗಸೋಲ್ ಕಾಂಟ್ರಾಕ್ಟ್‌ನಲ್ಲಿ ಅದಾದ ಮೇಲೂ 3 ಸೀಸನ್ ಬಾಕಿ ಇತ್ತು. ಬದಲಿಗೆ ಬಂದದ್ದರಲ್ಲಿ ತೂಕದ್ದು ಅಂದ್ರೆ ಕ್ವಾಮೆ ಬ್ರೌನ್ ಅವರ ಸುಮಾರು 90 ಲಕ್ಷ ಡಾಲರ್‌ನ ಕಾಂಟ್ರಾಕ್ಟ್, ಅದೇ ವರ್ಷ ಮುಗಿಯೋದು. 2001ರ ಡ್ರಾಫ್ಟ್‌ನಲ್ಲಿ ಹೈಸ್ಕೂಲ್‌ನಿಂದ ನೇರವಾಗಿ ಬಂದು ಮೊದಲ ಸ್ಥಾನದಲ್ಲಿ ಆಯ್ಕೆಯಾಗಿದ್ದ ಹುಡುಗ ಬ್ರೌನ್. ಏಳು ವರ್ಷದ ನಂತರ ಅವರ ಆಟಕ್ಕಿಂತ ಅವರ ಕಾಂಟ್ರಾಕ್ಟ್‌ನ ಕೊನೇ ಪುಟಕ್ಕೆ ಬೆಲೆ ಜಾಸ್ತಿ ಆಗಿತ್ತು. ಲೇಕರ್ಸ್ 2009 ಮತ್ತು 2010ರಲ್ಲಿ ಚಾಂಪಿಯನ್ ಆಯ್ತು. ಮೆಂಫಿಸ್‌ಗೆ ಅದೇ ಟ್ರೇಡ್‌ನಲ್ಲಿ ಪಾವ್ ತಮ್ಮ ಮಾರ್ಕ್ ಗಸೋಲ್ ಅವರ ಹಕ್ಕೂ ಸಿಕ್ಕಿತ್ತು. ಅವರು ಮುಂದೆ ದೊಡ್ಡ ಆಟಗಾರ ಆದರು, ಆದ್ದರಿಂದ ಮೆಂಫಿಸ್ ಪೂರ್ತಿ ಮೋಸ ಹೋಯ್ತು ಅನ್ನೋ ಹಾಗಿಲ್ಲ.

ಅದೇ ತಿಂಗಳು ಇನ್ನೊಂದು ಆಯ್ತು, ಅದು ಇನ್ನೂ ತಮಾಷೆ. ಡಲ್ಲಾಸ್‌ಗೆ ಜೇಸನ್ ಕಿಡ್ ಬೇಕಿತ್ತು. ತಕ್ಕಡಿ ತೂಗಲಿಲ್ಲ. ಆಗ ಅವರು ಕೀತ್ ವ್ಯಾನ್ ಹಾರ್ನ್ ಅನ್ನೋರನ್ನ ಹುಡುಕಿದರು. 2006ರ ನಂತರ ಒಂದು ಪಂದ್ಯವನ್ನೂ ಆಡಿರಲಿಲ್ಲ, ಆದರೆ ಅಧಿಕೃತವಾಗಿ ನಿವೃತ್ತಿನೂ ಆಗಿರಲಿಲ್ಲ. ಅವರಿಗೆ 40 ಲಕ್ಷ ಡಾಲರ್‌ಗೂ ಹೆಚ್ಚಿನ ಕಾಂಟ್ರಾಕ್ಟ್ ಕೊಟ್ಟು ಸಹಿ ಹಾಕಿಸಿ ನ್ಯೂಜೆರ್ಸಿಗೆ ಕಳಿಸಿದರು. ಅಲ್ಲಿ ಅವರು ಒಂದು ನಿಮಿಷವೂ ಆಡಲಿಲ್ಲ. ತಕ್ಕಡಿಗೆ ಒಂದು ಬೊಟ್ಟು ಬೇಕಿತ್ತು, ಅವರು ಆ ಬೊಟ್ಟು ಆದರು.

ಈಗ ಈ ಆಟದ ಬಿಸಿ ಅಷ್ಟಿಲ್ಲ. ಹಿಂದೆ ತನ್ನದೇ ಆಟಗಾರನಿಗೆ ತಂಡ 7 ವರ್ಷದ ತನಕ ಕಾಂಟ್ರಾಕ್ಟ್ ಕೊಡಬಹುದಿತ್ತು. ಅದು 6 ಆಗಿ, 2011ರ ಒಪ್ಪಂದದಲ್ಲಿ 5ಕ್ಕೆ ಇಳಿಯಿತು. ಎಲ್ಲರ ಕಾಂಟ್ರಾಕ್ಟೂ ಬೇಗ ಬೇಗ ಮುಗಿಯೋ ಹಾಗಾದಾಗ ಮುಗಿಯೋ ಕಾಂಟ್ರಾಕ್ಟ್‌ನಲ್ಲಿ ವಿಶೇಷ ಏನು ಉಳೀತು?

ಈಗ ಚೆಪಾಕ್‌ಗೆ ವಾಪಸ್ ಬರೋಣ. ಐಪಿಎಲ್‌ನಲ್ಲಿ ಗ್ಯಾರಂಟಿಯ ಉದ್ದದ ಕಾಂಟ್ರಾಕ್ಟ್ ಇಲ್ಲ. ಪ್ರತಿ ವರ್ಷ ಹರಾಜಿಗೆ ಮುಂಚೆ ಉಳಿಸಿಕೊಳ್ಳೋದೋ ಬಿಡೋದೋ ತಂಡದ ಕೈಯಲ್ಲಿ. ಹಾಗಾಗಿ ಇಲ್ಲಿ ಎಲ್ಲರ ಕಾಂಟ್ರಾಕ್ಟೂ ತಂಡ ಬಯಸಿದಾಗ ಮುಗಿಯುತ್ತೆ. ಆಸ್ತಿ ಅಂದ್ರೆ ಇಲ್ಲಿ ಪರ್ಸ್‌ನಲ್ಲಿರೋ ಖಾಲಿ ಜಾಗ. 2023ರ ನವೆಂಬರ್ ನೆನಪಿಸಿಕೊಳ್ಳಿ, ಆರ್‌ಸಿಬಿಯವರಿಗೆ ಗೊತ್ತಿರುತ್ತೆ. ಮುಂಬೈಗೆ ಹಾರ್ದಿಕ್ ಪಾಂಡ್ಯ ಬೇಕು, 15 ಕೋಟಿ, ಜಾಗ ಇಲ್ಲ. 17.5 ಕೋಟಿಯ ಕ್ಯಾಮರೂನ್ ಗ್ರೀನ್ ಅವರನ್ನ ಆರ್‌ಸಿಬಿ ತಗೊಂಡಿತು, ಅಲ್ಲಿ ಜಾಗ ಆಯ್ತು. ಆರ್‌ಸಿಬಿಗೆ ಜಾಗ ಎಲ್ಲಿಂದ ಬಂತು? ತಲಾ 10.75 ಕೋಟಿಯ ಹರ್ಷಲ್ ಪಟೇಲ್, ಹಸರಂಗ ಇಬ್ಬರನ್ನೂ ಬಿಟ್ಟು ಬಂತು. ಒಬ್ಬರು ಎದ್ದರೆ ತಾನೆ ಇನ್ನೊಬ್ಬರಿಗೆ ಕುರ್ಚಿ?

ಇದೇ ಲೆಕ್ಕ ಜಡೇಜಾ ಟ್ರೇಡ್‌ಗೆ ಹಾಕಿ. ಚೆನ್ನೈನಿಂದ ಹೋದದ್ದು ಜಡೇಜಾ 18 ಕೋಟಿ, ಕರನ್ 2.4 ಕೋಟಿ, ಒಟ್ಟು 20.4. ಬಂದದ್ದು ಸ್ಯಾಮ್ಸನ್, 18 ಕೋಟಿ. ಚೆನ್ನೈಗೆ 2.4 ಕೋಟಿ ಉಳಿತಾಯ. ಅತ್ತ ರಾಜಸ್ಥಾನದಲ್ಲಿ ಜಡೇಜಾ ಸಂಬಳ 14 ಕೋಟಿ ಅಂತ ಬದಲಾಯ್ತು. 14ಕ್ಕೆ 2.4 ಸೇರಿದರೆ 16.4. ಕೊಟ್ಟದ್ದು 18. ಅವರಿಗೂ 1.6 ಕೋಟಿ ಉಳಿತಾಯ. ಎರಡೂ ಕಡೆಯವರಿಗೆ ಲಾಭ ಆಗೋ ವ್ಯಾಪಾರ ಹೇಗೆ ಸಾಧ್ಯ? 2.4 ಮತ್ತು 1.6 ಕೂಡಿಸಿ. ಸರಿಯಾಗಿ 4 ಕೋಟಿ. ಜಡೇಜಾ ಸಂಬಳದಲ್ಲಿ ಇಳಿದದ್ದೂ 4 ಕೋಟಿ. ಅಂದರೆ ಎರಡೂ ತಂಡದ ಪರ್ಸ್‌ನಲ್ಲಿ ಆದ ಜಾಗ ಒಬ್ಬ ಆಟಗಾರನ ಜೇಬಿನಿಂದ ಬಂದದ್ದು. ಐಪಿಎಲ್ ಟ್ರೇಡ್‌ಗೆ ಆಟಗಾರನ ಒಪ್ಪಿಗೆ ಬೇಕು, ಎನ್‌ಬಿಎನಲ್ಲಿ ಬಹುತೇಕರಿಗೆ ಆ ಹಕ್ಕೂ ಇಲ್ಲ. ಅಷ್ಟು ವ್ಯತ್ಯಾಸ ಇದೆ.

ಇದೇ ಜಡೇಜಾ ಕಥೆಯಲ್ಲಿ ಹಳೇ ಅಧ್ಯಾಯ ಒಂದಿದೆ. 2008ರಲ್ಲಿ ರಾಜಸ್ಥಾನ ಮೊದಲ ಐಪಿಎಲ್ ಗೆದ್ದಾಗ ಅವರು ಆ ತಂಡದಲ್ಲೇ ಇದ್ದರು. 2010ರ ಸೀಸನ್‌ಗೆ ಮುಂಚೆ ರಾಜಸ್ಥಾನದ ಜೊತೆ ಒಪ್ಪಂದ ನವೀಕರಿಸದೆ ಬೇರೆ ತಂಡದ ಜೊತೆ ತಾವೇ ಮಾತುಕತೆಗೆ ಹೋದರು ಅಂತ ಐಪಿಎಲ್ ಅವರನ್ನ ಒಂದು ಸೀಸನ್ ನಿಷೇಧಿಸಿತು. ಆಗ ಅವರಿಗೆ 21 ವರ್ಷ. ನಿಯಮ ಮುರಿದರು, ಶಿಕ್ಷೆ ಆಯ್ತು, ಸರಿ. ಆದರೆ ನೋಡಿ, ಒಪ್ಪಂದ ಮುಗಿಯೋ ಹೊತ್ತನ್ನ ಆಟಗಾರ ತನ್ನ ಲಾಭಕ್ಕೆ ಬಳಸಿಕೊಳ್ಳೋಕೆ ಹೋದರೆ ಅದು ತಪ್ಪು. ತಂಡ ಬಳಸಿಕೊಂಡರೆ ಅದು ಚಾಣಾಕ್ಷತನ. ತಾರೀಖು ಒಂದೇ, ಅದು ಯಾರ ಆಸ್ತಿ ಅನ್ನೋದರ ಮೇಲೆ ಅದರ ಹೆಸರು ಬದಲಾಗುತ್ತೆ.

ನಾನು ಇಷ್ಟು ಲೆಕ್ಕ ಹಾಕೋಕೆ ಕಾರಣ ಕ್ರೀಡಾಪ್ರೇಮ ಮಾತ್ರ ಅಲ್ಲ. ಹಿಂದೆ ಒಂದು ಕಂಪನಿಯಲ್ಲಿ ನಾನು ಚಿಕ್ಕ ಟೀಮ್‌ನ ಲೀಡ್ ಆಗಿದ್ದೆ. ಒಬ್ಬ ಸೀನಿಯರ್ ಡೆವಲಪರ್ ಬೇಕು ಅಂತ ಮೇಲಿನವರ ಹತ್ತಿರ ಕೇಳಿದೆ. ಬಜೆಟ್ ಇಲ್ಲ, ಇರೋದರಲ್ಲೇ ಜಾಗ ಮಾಡಿ ಅಂದರು. ನಾನು ಎಕ್ಸೆಲ್ ಶೀಟ್ ಮಾಡಿದೆ. ನಮ್ಮಲ್ಲಿ ಕಾಂಟ್ರಾಕ್ಟ್ ಮೇಲೆ ಒಬ್ಬರು ಟೆಸ್ಟರ್ ಇದ್ದರು. ಅವರ ಸಾಲಿನಲ್ಲಿ "ಮಾರ್ಚ್ 31, ಒಂದು ಸೀಟು ಖಾಲಿ" ಅಂತ ಬರೆದೆ, ಹಸಿರು ಬಣ್ಣ ಕೊಟ್ಟೆ. ಬಜೆಟ್ ಸಿಕ್ತು. ಡಿಸೆಂಬರ್‌ನ ಒಂದು ಮೀಟಿಂಗ್‌ನಲ್ಲಿ ಸ್ಕ್ರೀನ್ ಶೇರ್ ಮಾಡುವಾಗ ಕೈತಪ್ಪಿ ಆ ಶೀಟ್ ತೆರೆದುಕೊಂಡಿತು. ಎರಡು ಸೆಕೆಂಡ್ ಅಷ್ಟೇ. ಮೀಟಿಂಗ್ ಮುಗಿದ ಮೇಲೆ ಅವರು ನನ್ನ ಹತ್ತಿರ ಬಂದು ಕೇಳಿದರು, "ಸರ್, ಆ ಹಸಿರು ಸೀಟು ನಂದಾ?"

ಹೌದು ಅಂದೆ. ಬೇರೆ ಏನು ಹೇಳೋದು? ನಾನು ಯಾವ ನಿಯಮವನ್ನೂ ಮುರಿದಿರಲಿಲ್ಲ. ಆದರೆ ಅವರ ತಾರೀಖನ್ನ ನಾನು ಆಗಲೇ ಖರ್ಚು ಮಾಡಿಬಿಟ್ಟಿದ್ದೆ, ಅವರಿಗೇ ತಿಳಿಸದೆ. ಮುಂದುವರಿಸ್ತಾರೆ ಅನ್ನೋ ನಂಬಿಕೆಯಲ್ಲಿ ಅವರು ಇನ್ನೊಂದು ಕಡೆಯ ಇಂಟರ್‌ವ್ಯೂ ಬಿಟ್ಟಿದ್ದರಂತೆ. ಅದು ಆಮೇಲೆ ಗೊತ್ತಾಯ್ತು. ನನ್ನ ಹಸಿರು ಬಣ್ಣದ ಬೆಲೆ ಅದು.

ಸಂಸ್ಥೆಗಳು ಜಾಗದ ಲೆಕ್ಕ ಹಾಕಬಾರದು ಅಂತ ನಾನು ಹೇಳ್ತಿಲ್ಲ. ಹಾಕಲೇಬೇಕು. ಆದರೆ ಒಬ್ಬರ ಕೊನೇ ತಾರೀಖಿನ ಮೇಲೆ ನೀವು ಏನಾದರೂ ಕಟ್ಟೋ ಹಾಗಿದ್ದರೆ, ಕಟ್ಟೋ ದಿನವೇ ಅವರಿಗೆ ಹೇಳಿ. ನಾನು ಈಗ ಹಾಗೇ ಮಾಡ್ತೀನಿ. ಹೇಳೋದು ಕಷ್ಟ, ಮುಖ ನೋಡಿಕೊಂಡು ಹೇಳೋದು ಇನ್ನೂ ಕಷ್ಟ, ಆದರೂ ಹೇಳ್ತೀನಿ. ಇನ್ನು ಕಾಂಟ್ರಾಕ್ಟ್ ಮೇಲೆ ಕೆಲಸ ಮಾಡ್ತಿರೋರು ಈ ವಿಡಿಯೋ ನೋಡ್ತಿದ್ದರೆ ನಿಮಗೆ ಒಂದೇ ಮಾತು. ನಿಮ್ಮ ಕಾಂಟ್ರಾಕ್ಟ್ ಮುಗಿಯೋ ತಾರೀಖನ್ನ ಯಾರೋ ಎಲ್ಲೋ ಒಂದು ಶೀಟ್‌ನಲ್ಲಿ ಬರೆದುಕೊಂಡಿರ್ತಾರೆ. ನೀವೂ ಬರೆದುಕೊಳ್ಳಿ. ಮೂರು ತಿಂಗಳು ಮುಂಚೆ ಹೋಗಿ, "ನನ್ನ ಸೀಟಿನ ಕಥೆ ಏನು?" ಅಂತ ನೇರವಾಗಿ ಕೇಳಿ. ಕ್ರಿಕೆಟ್‌ನವರ ಹಾಗೆ ಕೇಳಿದ್ದಕ್ಕೆ ನಿಮ್ಮನ್ನ ಯಾರೂ ಒಂದು ಸೀಸನ್ ನಿಷೇಧಿಸಲ್ಲ.